ಬೀಸುಕಲ್ಲಿನ ದುಂಡವ್ವ

ಭಾಳ ಹಿಂದ, ನಮ್ಮ ಮುತ್ತಜ್ಜಿಗೆ ಆಕಿ ಮುತ್ತಜ್ಜಿ ಹೇಳಿದ ಕಾಲದಾಗ, ಹೊಳಿ ದಂಡಿಗೆ ಒಂದು ಊರಿತ್ತಂತ. ಊರಿನ ಹೆಸರು ಕೇಳಬ್ಯಾಡ್ರಿ, ಹೊಳಿ ಅದನ್ನ ಎಂದೋ ತಗೊಂಡು ಹೋತು. ಆ ಊರ ಹೊರಗ, ಉಸುಕಿನ ದಿಬ್ಬದ ಮ್ಯಾಲ, ದುಂಡವ್ವ ಅನ್ನಾಕಿ ಇದ್ಲಂತ. ಲಕ್ವ ಹೊಡದು ಅರ್ಧ ಮೈ ಬಿದ್ದವರನ್ನ ಎಬ್ಬಸಾಕಿ. ಔಷಧ ಇಲ್ಲ, ಮಂತ್ರ ಇಲ್ಲ, ತಾಯಿತ ಇಲ್ಲ. ಒಂದು ಬೀಸುಕಲ್ಲು, ಎದುರಿಗೆ ಹೊಳಿ, ಹಾಡೂ ಗಂಟಲು. ಅಷ್ಟ.

ಆ ಕಲ್ಲು ತಾನ ತಿರಗತಿತ್ತು ಅಂತಾರ ಮಂದಿ. ಏ, ಸುಮ್ನಿರ್ರಿ! ಕಲ್ಲು ತಾನ ಯಾಕ ತಿರಗತೈತಿ? ಆದ್ರ ಬೆಳಗಿನ ಮಂಜಿನಾಗ ಆಕಿ ಬೀಸೂ ಸಪ್ಪಳ ಆಚಿ ದಂಡಿಗೂ ಕೇಳತಿತ್ತಂತ, ಆ ಸಪ್ಪಳ ಕೇಳಿ ಹೊಳಿ ನೀರು ಒಂದೀಟು ನಿಂತು ಮುಂದ ಹೋಗತಿತ್ತಂತ. ಇದನ್ನ ಮಾತ್ರ ನಾ ನಂಬತೀನಿ. ನೀವು ಬೇಕಾದ್ರ ನಂಬ್ರಿ, ಇಲ್ಲಂದ್ರ ಬಿಡ್ರಿ.

ಒಂದು ದಿನ ದೂರದ ಹಳ್ಳಿಯವರು ಬಾಳವ್ವ ಅನ್ನೂ ಹೆಣ್ಣಮಗಳನ್ನ ಹಗ್ಗದ ಹೊರಸಿನ ಮ್ಯಾಲ ಮಲಗಿಸಿ ಹೊತಗೊಂಡು ಬಂದ್ರಂತ. ಮುದಕಪ್ಪ ಅನ್ನಾವನ ಹೆಂಡತಿ. ರೊಟ್ಟಿ ಬಡಿಯುವಾಗ ಬಲಗೈಯಿಂದ ರೊಟ್ಟಿ ಜಾರಿತಂತ, ಹಿಂದಿಂದ ಆಕಿನೂ ಬಿದ್ಲಂತ. ಕಣ್ಣು ತೆರದಾಗ ಬಲಗೈ ಮಾತು ಕೇಳಲಿಲ್ಲ, ಬಲಗಾಲು ಕೇಳಲಿಲ್ಲ, ನಾಲಗಿನೂ ಕೇಳಲಿಲ್ಲ. ನೀರು ಅನ್ನಾಕ ಹೋದ್ರ ಬರೇ ಬಾ ಬಾ ಅಂತ ಬರತಿತ್ತಂತ.

ಇಕಿದು ಬುದ್ಧಿನ ಹೋಗೇತಿ ಅಂತ ಅತ್ತಿ ಹೇಳಿಬಿಟ್ಲು. ಹಿರ್ಯಾರು ಕೂತು ಒಂದು ಮಾತು ಕಟ್ಟಿದ್ರು. ಜ್ವಾಳದ ರಾಶಿ ಆಗೂದರೊಳಗ ಬಾಳವ್ವ ತನ್ನ ಕಾಲಿಲೆ ನಡದು ಬರಬೇಕು, ಹೊಸ ಸೊಸಿಯಂಗ ಹೊಸ್ತಿಲದಾಗ ನಿಂತು ಪ್ರಾಸ ಕಟ್ಟಿ ಒಡಪು ಹೇಳಿ, ಅದರಾಗ ಗಂಡನ ಹೆಸರು ಹೇಳಬೇಕು. ಹೇಳಿದ್ರ ಮನಿ ಆಕಿದು. ಹೇಳಲಿಲ್ಲಂದ್ರ ಮುದಕಪ್ಪಗ ಇನ್ನೊಂದು ಲಗ್ನ. ಮುದಕಪ್ಪ ತಲಿ ಕೆಳಗ ಹಾಕಿ ನಿಂತಿದ್ದಂತ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಲಕ್ವ ಯಾರಿಗೆ ಹೊಡದಿತ್ತೋ, ಶಿವನ ಬಲ್ಲ!

ಹೊರಸು ನೋಡಿ ದುಂಡವ್ವಗ ಸಿಟ್ಟು ನೆತ್ತಿಗೇರಿತಂತ.

"ಜೀವ ಇದ್ದಾಕಿನ್ನ ಹೆಣ ಹೊತ್ತಂಗ ಯಾಕ ಹೊತ್ತೀರಿ? ಇಳಸ್ರಿ ಅಲ್ಲೇ!"

ಉಸುಕಿನ ಮ್ಯಾಲ ಇಳಿಸಿ ಅವರು ತಿರುಗಿ ಹೋದ್ರು. ಬಾಳವ್ವ ಅತ್ಲು. ದುಂಡವ್ವ ಬಾಜೂಕ ಕೂತು ತಾನೂ ಅತ್ಲು. ಅತ್ತು ಮುಗಿಸಿ, ಕಣ್ಣು ಒರಸಿ, ನಡಿ ತಂಗಿ ಅಂದ್ಲಂತ. ದುಂಡವ್ವನ ಗುಡಿಸಲ ಮಟ ಉಳದ ಉಸುಕನ್ನ ಇಬ್ಬರೂ ತೆವಳಿಕೊಂಡು ದಾಟಿದ್ರಂತ.

ದುಂಡವ್ವನ ರೀತಿನ ಬ್ಯಾರೆ. ಬಿಸಲೇರಿದ ಮ್ಯಾಲ ಬಾಳವ್ವನ್ನ ಎದಿ ಮಟ ನೀರಾಗ ನಿಲ್ಲಸಾಕಿ. ನೀರಾಗ ಮೈ ಹಗರ ನೋಡ್ರಿ, ಬಿದ್ರೂ ನೋವಿಲ್ಲ, ಹೊಳಿನ ಎತ್ತಿ ಹಿಡಿತೈತಿ. ಸೆರಗಿನ ತುದಿ ಹಿಡಿಸಿ ನಡಸಾಕಿ. ಉಣ್ಣೂ ಹೊತ್ತಿನಾಗ ಆಕಿ ಎಡಗೈಯನ್ನ, ಆ ಗಟ್ಟಿ ಕೈಯನ್ನ, ಅರಿವಿ ತುಂಡಿಲೆ ಸೊಂಟಕ್ಕ ಕಟ್ಟಿಬಿಡಾಕಿ. ಗಂಗಾಳ ಬಲಗಡಿ ಇಡಾಕಿ. ಬಿದ್ದ ಕೈಲೇ ತುತ್ತು ಎತ್ತಬೇಕು, ಚೆಲ್ಲಿದ್ರ ಚೆಲ್ಲಲಿ. ಅಲ್ಲಿ ಚೆಲ್ಲಿದ ಕಾಳು ತಿಂದು ಗುಬ್ಬಿಗಳು ಕೋಳಿಯಷ್ಟು ದಪ್ಪ ಆಗಿದ್ವು ಅಂತಾರ. ನೋಡಿದವರು, ಎಂಥಾ ಕಟುಕ ಹೆಂಗಸು ಅಂತ ಶಾಪ ಹಾಕತಿದ್ರಂತ. ಹಾಕಲಿ ಬಿಡ್ರಿ, ಅನ್ನಾಕಿ ಆಕಿ.

ಆಮ್ಯಾಲ ಬೀಸುಕಲ್ಲು. ಇಬ್ಬರೂ ಎದುರಾಬದರು ಕೂತು ಒಂದೇ ಗೂಟ ಹಿಡಿದು ಬೀಸೂದು ಹೆಂಗಸರ ರೂಢಿ. ಬಾಳವ್ವನ ಬಿದ್ದ ಕೈ ಗೂಟದ ಮ್ಯಾಲಿಟ್ಟು, ಅದರ ಮ್ಯಾಲ ತನ್ನ ಕೈಯಿಟ್ಟು, ದುಂಡವ್ವ ಕಲ್ಲು ತಿರುವಾಕಿ. ಕಲ್ಲು ಸುತ್ತೂ ತಾಳಕ್ಕ ಹಾಡು ಹಾಡಾಕಿ. ಒಂದು ಬೆಳಗ, ಮಂಜು ಗುಡಿಸಲದೊಳಗೂ ಬಂದು ಕೂತಿತ್ತಂತ, ಹಿಟ್ಟು ಯಾವುದು ಮಂಜು ಯಾವುದು ತಿಳೀತಿರಲಿಲ್ಲಂತ, ದುಂಡವ್ವ ಸಾಲಿನ ನಡುವ ಉಸರು ತಗೊಳ್ಳಾಕ ನಿಂತ್ಲು. ಉಳದ ಅರ್ಧ ಸಾಲು ಬಾಳವ್ವನ ಬಾಯಿಂದ ಬಂತು! ಮಾತು ಬಾರದಾಕಿ ಹಾಡಿದ್ಲು, ಒಂದು ಅಕ್ಷರ ತಪ್ಪದಂಗ ಹಾಡಿದ್ಲು. ಅಯ್ಯ ನನ್ನವ್ವಾ ಅಂತ ದುಂಡವ್ವ ಆಕಿನ್ನ ತೆಕ್ಕಿ ಬಡಕೊಂಡ್ಲಂತ.

ಅವತ್ತಿಂದ ಆ ಗುಡಿಸಲದಾಗ ಎಲ್ಲಾ ಹಾಡಿನಾಗ ಕೇಳಬೇಕು. ನೀರು ಬೇಕಂದ್ರ ಹಾಡು, ಉಪ್ಪು ಬೇಕಂದ್ರ ಹಾಡು, ಜಗಳನೂ ಹಾಡು. ದಾರಿಲೆ ಹೋಗಾವರು ಅಲ್ಲಿ ನಿತ್ಯಾ ಲಗ್ನ ನಡದೈತಿ ಅಂತ ತಿಳಕೊಂಡಿದ್ರಂತ. ಬರಬರತಾ ಧಾಟಿ ಸಣ್ಣದಾತು, ಮಾತು ದೊಡ್ಡದಾತು.

ಒಂದು ಮಾತ್ರ ಬರಲಿಲ್ಲ. ಗಂಡನ ಹೆಸರು.

ಹ್ಯಾಂಗ ಬರಬೇಕು ಹೇಳ್ರಿ? ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗತೈತಿ ಅಂತ ಅಂಜಿಸಿ ಇಟ್ಟವರು ಯಾರು? ನಿಮ್ಮಂಥ ಹಿರ್ಯಾರ! ಲಗ್ನದಾಗ ಒಂದು ಸಲ ಒಡಪಿನಾಗ ಅಂದಿದ್ದು ಬಿಟ್ರ ಆಕಿ ಬಾಯಿ ಆ ಹೆಸರನ್ನ ಮುಟ್ಟಿಲ್ಲ. ಆ ಹೆಸರು ಯಾವ ಹಾಡಿನಾಗೂ ಇಲ್ಲ. ಬ್ಯಾಡ ಅಂತ ಹೇಳಿ ಆ ಮಾತನ್ನ ಕಸಗೊಂಡು, ಈಗ ಅದನ್ನ ತಾ ಅಂದ್ರ ಎಲ್ಲಿಂದ ತರಬೇಕು?

ರಾಶಿ ದಿನ ಸಮೀಪ ಬಂತು. ಬಾಳವ್ವ ಹೊಂಟ್ಲು. ದುಂಡವ್ವ ಸಂಗಾಟ ಹೋಗಲಿಲ್ಲಂತ. ಬಲಗಾಲು ಒಂದೀಟು ಎಳಕೋಂತ, ಹೊಲ ದಾಟಿ, ಹಳ್ಳ ದಾಟಿ, ಬಾಳವ್ವ ಒಬ್ಬಾಕಿನ ನಡದ್ಲಂತ. ಸುಗ್ಗಿ ಬಿಸಲಿನಾಗ ದಾರಿ ತಾನ ಹಿಂದ ಸರಿದು ಆಕಿಗೆ ಊರು ಸಮೀಪ ಮಾಡಿ ಕೊಟ್ಟಿತು ಅಂತಾರ. ಇದ್ರೂ ಇರಬಹುದು.

ಹೊಸ್ತಿಲದಾಗ ಅತ್ತಿ ಅಡ್ಡ ನಿಂತಿದ್ಲು. ಕಟ್ಟಿ ಮ್ಯಾಲ ಹಿರ್ಯಾರು. ಒಳಗ, ಕಂಬದ ಮರಿಗೆ ಮುದಕಪ್ಪ. ಬಾಳವ್ವ ನಿಂತು ಉಸರು ತಗೊಂಡ್ಲು.

"ಹೊಳಿ ದಂಡಿಗೆ ಹಸರ ಗರಕಿ, ಗುಡಿಯೊಳಗ ಹೂವಿನ ಹರಕಿ, ಸತ್ತ ಕೈಗೆ ಜೀವ ಕೊಟ್ಟಾಕಿ..."

ಅಲ್ಲಿಗೆ ನಿಂತ್ಲು. ಕೊಟ್ಟಾಂವ ಅನಬೇಕಿತ್ತು, ಕೊಟ್ಟಾಕಿ ಅಂದಿದ್ಲು. ಎಲ್ಲಾರೂ ಹೆಸರಿಗೆ ಕಿವಿ ಕೊಟ್ರು. ಬಾಳವ್ವ ತಲಿ ಎತ್ತಿದ್ಲು. ಆಮ್ಯಾಲ ಊರಿಗೆಲ್ಲ ಕೇಳೂಹಂಗ ಅಂದ್ಲು:

"...ನನ್ನವ್ವ ದುಂಡವ್ವ."

ಗಂಡನ ಹೆಸರು ಬರಲಿಲ್ಲಂತ ಹಂಗ ಅಂದ್ಲು ಅಂತ ಕೆಲವರು ಹೇಳ್ತಾರ. ಹೊಸ್ತಿಲದಾಗ ನಿಂತಾಗ ಬಂದಿತ್ತು, ಬೇಕಂತನ ಅನ್ನಲಿಲ್ಲ ಅಂತ ನಮ್ಮಜ್ಜಿ ಹೇಳತಿದ್ಲು. ನಂದೂ ಅದ ಮಾತು.

ಹೆಸರು ತಪ್ಪಿತು, ಲಗ್ನ ಮಾಡ್ರಿ ಅಂತ ಹಿರ್ಯಾರು ಎದ್ರು. ಆವಾಗ ಕಂಬದ ಮರಿಯಿಂದ ಮುದಕಪ್ಪ ಬಂದ. ಅಡ್ಡ ನಿಂತ ತನ್ನ ತಾಯಿನ್ನ ಬಾಜೂಕ ಸರಿಸಿದ. ಹೆಂಡತಿ ಹೆಸರನ್ನ ಗಂಡನೂ ನಾಕು ಮಂದ್ಯಾಗ ಹೇಳತಿರಲಿಲ್ಲ ಆ ಕಾಲಕ್ಕ, ಏ ಅನ್ನೂದು, ಇಕಿ ಅನ್ನೂದು. ಅವ ಬಾಯಿ ತೆರದ, ಮುಚ್ಚಿದ, ಮತ್ತ ತೆರದ. ಮಾತು ಕಲಿಯೂ ಕೂಸಿನಂಗ ತಡವರಿಸಿ ಅಂದ:

"ಬಾಳವ್ವಾ, ಒಳಗ ಬಾ."

ಅಷ್ಟ ಅಂದ, ಅಂದು ಅತ್ತುಬಿಟ್ಟ. ಆಕಿ ಬಲಗಾಲನ್ನ, ಆ ಎಳೆಯೂ ಕಾಲನ್ನ, ಮೊದಲ ಒಳಗಿಟ್ಲಂತ.

ದುಂಡವ್ವ ಮುಂದ ಏನಾದ್ಲು ಯಾರಿಗೂ ಗೊತ್ತಿಲ್ಲ. ಮಂಜಿನಾಗ ಹೊಳಿ ದಾಟಿ ಹೋದ್ಲು ಅಂತಾರ. ಆಕಿಗೆ ಗುಡಿ ಇಲ್ಲ, ಜಾತ್ರಿ ಇಲ್ಲ. ಆದ್ರ ಆ ಸೀಮ್ಯಾಗ ಇವತ್ತಿಗೂ ಹೊಸ ಸೊಸಿ ಹೊಸ್ತಿಲಕ್ಕ ಬಂದ್ರ ಒಡಪಿನಾಗ ಮೊದಲ ದುಂಡವ್ವನ ಹೆಸರು ಹೇಳ್ತಾಳ, ಹೇಳಿ ಬಾಯಿ ಮುಚ್ಚಿ ನಿಲ್ತಾಳ. ಒಳಗಿಂದ ಮದಮಗ ಆಕಿ ಹೆಸರು ಹಿಡಿದು, ಊರಿಗೆ ಕೇಳೂಹಂಗ ಕರೀಬೇಕು. ಕರದ ಮ್ಯಾಲ ಆಕಿ ಒಳಗ ಬರಾಕಿ. ಅವ ಕರಿಯೂ ಮಟ, ಹೊತ್ತು ಮುಳಗಲಿ ಬೇಕಾದ್ರ, ಆಕಿ ಹೊರಗ ನಿಂತಿರ್ತಾಳ, ಊರೂ ಆಕಿ ಸಂಗಾಟ ನಿಂತಿರತೈತಿ.