ತಲೆಬಾಗಿಲ ಬೆಳ್ಳಿ

"ಗುರುಗಳೇ, ಮಠಕ್ಕೆ ಬಂದ ದಿನದಿಂದ ದೇವರನ್ನು ಕರೆದದ್ದೇ ಕರೆದದ್ದು. ಒಮ್ಮೆಯೂ ಅವನು ಓಗೊಡಲಿಲ್ಲ. ಅವನಿಗೆ ಕಿವಿ ಕೇಳಿಸುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. "ಅವನ ಕಿವಿಯ ವಿಚಾರ ನನಗೆ ಗೊತ್ತಿಲ್ಲಪ್ಪ. ಒಂದು ನಾಯಿಯ ಕಿವಿಯ ವಿಚಾರ ಗೊತ್ತು. ಅದನ್ನು ಬೇಕಾದರೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಹೆಂಡತಿಯದು ಒಂದು ಕಟ್ಟುನಿಟ್ಟು. ಹೊರಗೆ ಹೋಗಿ ಬಂದವರು ಹಿತ್ತಲಲ್ಲಿ ಕಾಲು ತೊಳೆದೇ ಮನೆಯೊಳಗೆ ಬರಬೇಕು. ಹಾಗಾಗಿ ಅವನು ದಿನಾ ಸಂಜೆ ಹಿಂದಿನ ಓಣಿಯಿಂದ ಹಿತ್ತಲಿಗೆ ಬರುತ್ತಿದ್ದ. ಕಾಲು ತೊಳೆಯುತ್ತ ಅವಳ ಹೆಸರು ಕೂಗುತ್ತಿದ್ದ. ಅವಳು ಒಳಗಿನಿಂದ "ಓ, ಬಂದೆ" ಎನ್ನುತ್ತಿದ್ದಳು. ಅದನ್ನು ಕೇಳಿದರೆ ಅವನಿಗೆ ದಿನದ ದಣಿವೆಲ್ಲ ಇಳಿಯುತ್ತಿತ್ತು.

ಅವಳು ತೀರಿಕೊಂಡಳು. ಹಿತ್ತಲಲ್ಲಿ ಕಾಲು ತೊಳೆಯುವುದನ್ನು ಅವನು ಬಿಡಲಿಲ್ಲ, ಕೂಗುವುದನ್ನು ಬಿಟ್ಟ. ಕೂಗಿದರೆ ಓಗೊಡುವವರಿಲ್ಲ ಎನ್ನುವುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಕರೆದರೆ ಓಡಿ ಬರುವ ಒಂದು ಜೀವವಾದರೂ ಮನೆಯಲ್ಲಿರಲಿ ಎಂದು ನಾಯಿ ಸಾಕಲು ಹೊರಟ. ಬಾಕ್ಸರ್ ಜಾತಿಯ ನಾಯಿ ಮನೆಯವರನ್ನು ಬಹಳ ಹಚ್ಚಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರು.

ಮರಿ ಮಾರುವವನ ಮನೆಯಲ್ಲಿ ಕಂದು ಮರಿಗಳ ನಡುವೆ ಒಂದು ಅಚ್ಚ ಬಿಳಿಯ ಮರಿಯೂ ಇತ್ತು. ಮರಿ ಆರಿಸಲು ವ್ಯಾಪಾರಿಯ ಮನೆತನದಲ್ಲಿ ಒಂದು ಪದ್ಧತಿ. ಮರಿಗಳ ಹಿಂದೆ ನಿಂತು ಕಂಚಿನ ತಟ್ಟೆ ಬಡಿಯಬೇಕು. ಹೆದರಿ ಓಡಿದ್ದು ಬೇಡ, ಕದಲದೆ ಉಳಿದದ್ದು ಗಟ್ಟಿ ಮರಿ. ಅವನು ಬಡಿದ. ಮರಿಗಳೆಲ್ಲ ದಿಕ್ಕಾಪಾಲಾಗಿ ಓಡಿದವು. ಬಿಳಿಯದು ಕೂತಲ್ಲೇ ಕೂತಿತ್ತು.

"ಬಿಳೀದು ಬೇಡ ಯಜಮಾನ್ರೇ. ಬಿಸಿಲು ತಡೆಯಲ್ಲ. ಬೇರೆ ಊನಾನೂ ಇರಬಹುದು" ಎಂದ ಮಾರುವವನು.

"ತುಂಬಿದ ಕೊಡ ತುಳುಕಲ್ಲ ಕಣಯ್ಯ. ನನಗೆ ಇದೇ ಇರಲಿ" ಎಂದ ವ್ಯಾಪಾರಿ.

ದಡ್ಡನಾಗಿದ್ದರೆ ಮಾರುವವನ ಮಾತು ಕೇಳುತ್ತಿದ್ದ. ಜಾಣ, ತಟ್ಟೆಯ ಮಾತು ಕೇಳಿದ.

ಮರಿಗೆ ಬೆಳ್ಳಿ ಎಂದು ಹೆಸರಿಟ್ಟ. ಮಧ್ಯಾಹ್ನದ ಬಿಸಿಲಿಗೆ ಬಿಡದೆ ಸಾಕಿದ. ಹಗಲು ಪಕ್ಕದ ಮನೆಯ ಅಜ್ಜಿ ಅನ್ನ ಹಾಕುತ್ತಿದ್ದಳು. ಸಂಜೆ ಅವನು ಹಿತ್ತಲಲ್ಲಿ ಕಾಲು ತೊಳೆಯುತ್ತ "ಬೆಳ್ಳೀ" ಎಂದು ಕೂಗುತ್ತಿದ್ದ. ಅದು ಬರುತ್ತಿರಲಿಲ್ಲ. ಒಳಗೆ ಬಂದು ನೋಡಿದರೆ ತಲೆಬಾಗಿಲ ಹೊಸ್ತಿಲ ಮೇಲೆ, ಇವನಿಗೆ ಬೆನ್ನು ಹಾಕಿ ಬೀದಿ ನೋಡುತ್ತ ಕೂತಿರುತ್ತಿತ್ತು. ಎದುರಿಗೆ ಹೋದರೆ ಮೈಮೇಲೆ ಬಿದ್ದು ಕುಣಿಯುತ್ತಿತ್ತು. ಎದುರಿಗೆ ಹೋದರೆ ಯಾರು ಕುಣಿಯುವುದಿಲ್ಲ? ಕರೆದರೆ ಬರಬೇಕು, ಅವನಿಗೆ ಬೇಕಾದದ್ದು ಅದು. ಅನ್ನ ನನ್ನದು, ಕಣ್ಣು ಬೀದಿಯ ಮೇಲೆ ಎಂದು ನೊಂದುಕೊಂಡ.

ಒಂದು ಸಂಜೆ ಕೂಗಿ ಕೂಗಿ ಸಾಕಾಗಿ, ಸಿಟ್ಟಿನಲ್ಲಿ ಅದರ ಬೆನ್ನ ಹಿಂದೆ ಹಿತ್ತಾಳೆ ಚೊಂಬು ಎಸೆದ. ಮನೆಯೆಲ್ಲ ಸದ್ದಾಯಿತು. ನಾಯಿ ಕಿವಿ ಕೂಡ ಅಲುಗಿಸಲಿಲ್ಲ. ಅದು ಹುಟ್ಟು ಕಿವುಡು ಎಂದು ಅವನಿಗೆ ಆಗ ತಿಳಿಯಿತು. ಓಗೊಡುವವರು ಬೇಕೆಂದು ಹೋಗಿ ಕೇಳಿಸದ ಜೀವವನ್ನು ತಂದಿದ್ದ. ಅವನು ಅತ್ತುಬಿಟ್ಟ.

ಮರುದಿನ ಅದನ್ನು ವಾಪಸು ಕೊಡುವುದೆಂದು ನಿರ್ಧರಿಸಿ, ಅಂಗಡಿ ಬೇಗ ಮುಚ್ಚಿ ಆಟೋ ಮಾಡಿಕೊಂಡು ಮುಂದಿನ ಬೀದಿಯಿಂದಲೇ ಬಂದ. ಬೀದಿಯ ತುದಿಯಲ್ಲಿ ಇಳಿದನೋ ಇಲ್ಲವೋ, ಬೆಳ್ಳಿ ಹೊಸ್ತಿಲಿನಿಂದ ಹಾರಿ ಓಡಿ ಬಂದು ಅವನ ಕಾಲಿಗೆ ಸುತ್ತಿಕೊಂಡಿತು.

ಜಗಲಿಯ ಮೇಲಿದ್ದ ಅಜ್ಜಿ ಹೇಳಿದಳು: "ಇವತ್ತಾದ್ರೂ ಈ ಕಡೆಯಿಂದ ಬಂದ್ಯಲ್ಲಪ್ಪ. ಬೆಳಿಗ್ಗೆ ನೀನು ಹೋದ ದಾರೀನೇ ನೋಡ್ತಾ ಕೂತಿರುತ್ತೆ. ಅನ್ನ ಹಾಕಿದ್ರೂ ಮುಟ್ಟಲ್ಲ."

ವ್ಯಾಪಾರಿ ಬೀದಿಯಲ್ಲೇ ಕೂತು ಅದನ್ನು ತಬ್ಬಿಕೊಂಡ. ಇವನು ಹಿಂದಿನಿಂದ ಅದನ್ನು ಕರೆಯುತ್ತಿದ್ದಾಗಲೆಲ್ಲ ಅದು ಮುಂದೆ ಇವನಿಗಾಗಿಯೇ ಕಾಯುತ್ತಿತ್ತು. ಆಟೋ ಕಳಿಸಿಬಿಟ್ಟ. ಮನಸ್ಸಿನಲ್ಲೇ ಹೆಂಡತಿಯ ಕ್ಷಮೆ ಕೇಳಿ, ಧೂಳುಗಾಲಲ್ಲೇ ತಲೆಬಾಗಿಲಿನಿಂದ ಒಳಗೆ ಹೋದ. ಆಮೇಲೆ ದಿನಾ ಹಾಗೆಯೇ ಬಂದ. ಕೈಸನ್ನೆ ಕಲಿಸಿದ. ಅದು ಬೆನ್ನು ತಿರುಗಿಸಿದ್ದರೆ ನೆಲಕ್ಕೆ ಕಾಲು ಬಡಿದು, ಆ ಅದುರು ತಾಗಿ ತಿರುಗಿ ನೋಡುವುದನ್ನು ಕಾದ. ಆದರೂ ಒಮ್ಮೊಮ್ಮೆ ಮರೆತು ಹೆಸರು ಹಿಡಿದು ಕೂಗಿಬಿಡುತ್ತಿದ್ದ. ಆ ಆಸೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು.

"ಪಾಪ, ಎಷ್ಟು ಕರೆದ! ಹಾಗಾದರೆ ನಾನೂ ಆ ವ್ಯಾಪಾರಿಯ ಹಾಗೆ ಸಹಿಸಿಕೊಂಡು ಕರೆಯುತ್ತಲೇ ಇರಬೇಕು, ಅಲ್ಲವೇ?"

"ಈ ಕತೆಯಲ್ಲಿ ನೀನು ವ್ಯಾಪಾರಿ ಎಂದು ನಿನಗೆ ಯಾರು ಹೇಳಿದರು?"