ಸಿಂಬೆಗುಡ್ಡದ ಒಣಸೌದೆ

ಸಿಂಬೆಗುಡ್ಡ ಹತ್ತುವವರು ಬುಡದ ಕಟ್ಟೆಯಿಂದ ಒಂದು ಒಣಸೌದೆಯನ್ನಾದರೂ ಹೊತ್ತೇ ಹತ್ತಬೇಕು. ಬಿಸಿಲಿರಲಿ, ಮೋಡವಿರಲಿ, ಈ ನಿಯಮಕ್ಕೆ ವಿನಾಯಿತಿಯಿಲ್ಲ. ಈಗ ಮೇಲೆ ಬೆಂಕಿ ಹಚ್ಚುವಂತಿಲ್ಲ. ಆದರೂ ಬೆನ್ನಿಗೆ ಚೀಲ, ಕಾಲಿಗೆ ಬೂಟು ಬಿಗಿದು ಚಾರಣಕ್ಕೆ ಬರುವವರೂ ಕಟ್ಟೆಯ ಬಳಿ ಬಗ್ಗಿ ಒಂದು ಕಟ್ಟಿಗೆಯನ್ನೆತ್ತಿಕೊಳ್ಳುತ್ತಾರೆ. ನೆತ್ತಿಯ ಹಾಸುಬಂಡೆಯ ಪಕ್ಕದ ಗವಿಯಲ್ಲಿ ಆ ಸೌದೆ ಆಳೆತ್ತರ ಬೆಳೆದಿದೆ. ಕಾಡಿಗೇ ಸೌದೆ ಹೊರುವುದೆಂದರೆ ಯಾರಿಗಾದರೂ ನಗು ಬರುತ್ತದೆ. ಹಾಲಪ್ಪನಿಗೂ ಬಂದಿತ್ತು.

ಹಿಂದೆ ಒಮ್ಮೆ, ಕರಾವಳಿಯ ಉಪ್ಪು ತಲೆಹೊರೆಯಲ್ಲೇ ಘಟ್ಟ ಹತ್ತುತ್ತಿದ್ದ ಕಾಲದಲ್ಲಿ, ಈ ಹಾಲಪ್ಪ ಹೊರೆಯವರ ತಂಡಕ್ಕೆ ಮುಂದಾಳಾಗಿದ್ದನಂತೆ. ಅಂದು ಆಕಾಶ ತೊಳೆದಿಟ್ಟಂತಿತ್ತು. ಸೌದೆಯ ಬದಲು ಅಷ್ಟೇ ಭಾರದ ಉಪ್ಪನ್ನು ಹೊರಬಹುದೆಂದು ಅವನು ತನ್ನ ಸೌದೆಕಟ್ಟನ್ನು ಕಟ್ಟೆಗೆ ಎಸೆದ, ಉಳಿದವರೂ ಎಸೆದರು. ಅವನ ಅತ್ತಿಗೆ ದುಗ್ಗವ್ವ ಮಾತ್ರ ಎಸೆಯಲಿಲ್ಲ.

“ಏನತ್ತಿಗೆ, ಮೇಲಿರೋ ಮರಕ್ಕೆಲ್ಲ ಚಳಿಯಂತಾ?” ಎಂದ ಹಾಲಪ್ಪ.

“ತಲೆ ನಂದು, ಕುತ್ತಿಗೆ ನಂದು. ನೀ ನಡಿ ಮಾರಾಯ,” ಎಂದಳು ಆಕೆ.

ನೆತ್ತಿ ಸಮೀಪಿಸಿದಾಗ ಮೋಡ ಇಳಿಯಿತು. ಇಳಿಯಿತೆಂದರೆ, ಚಾಚಿದ ಕೈಯ ಬೆರಳು ಕಾಣದಂತೆ. ತಂಡವನ್ನು ಗವಿಯಲ್ಲಿ ಕೂರಿಸಿ ಹಾಲಪ್ಪ ದಾರಿ ಹುಡುಕಲು ಹೋದ. ತುಸು ನಡೆಯುವಷ್ಟರಲ್ಲಿ ಹಿಂದಿನದೂ ಮುಂದಿನದೂ ಒಂದೇ ಬಿಳುಪಾಯಿತು. ಕೂಗಿದರೆ ದನಿ ಎಲ್ಲ ಬಂಡೆಗಳಿಂದಲೂ ಮರಳುತ್ತಿತ್ತು. ಕಾಲಿಟ್ಟ ಕಲ್ಲೊಂದು ಜಾರಿ ಹೋಯಿತು. ಅದು ತಳ ಮುಟ್ಟಿದ ಸದ್ದೇ ಬರಲಿಲ್ಲ. ಅವನು ಅಲ್ಲೇ ನೆಲ ಹಿಡಿದು ಕೂತ. ಎಷ್ಟು ಹೊತ್ತಾಯಿತೋ, ಬಿಳುಪಿನೊಳಗೆ ಒಂದು ಕೆಂಪು ಮೂಡಿತು. ಬೆಟ್ಟವೇ ಕಣ್ಣು ತೆರೆದಂತಿತ್ತು ಎನ್ನುತ್ತಾರೆ. ಅದರತ್ತ ತೆವಳಿದ. ಕೆಂಪು ಸಣ್ಣಗಾಯಿತು, ಚುಕ್ಕಿಯಾಯಿತು, ಇಲ್ಲವಾಯಿತು. ಅವನೂ ನಿಂತ. ಆಗ ಭಗ್ಗನೆ ಮತ್ತೊಂದು ಉರಿ ಎದ್ದಿತು. ಅಷ್ಟೇ ಬೇಕಿತ್ತು, ಕೈಗೆ ಹಾಸುಬಂಡೆ ಸಿಕ್ಕಿತು.

ಚಳಿಗೆ ನಡುಗುತ್ತಿದ್ದವರು ಬೆಂಕಿಯನ್ನು ಗವಿಯೊಳಗೇ ಹಾಕೆಂದು ಬೇಡಿದ್ದರಂತೆ. “ಒಳಗಿಟ್ರೆ ನಮಗೆ ಬೆಚ್ಚಗೆ. ಅವನಿಗೆ ಕಾಣಬೇಕಲ್ಲ,” ಎಂದು ದುಗ್ಗವ್ವ ಹೊರಗಿನ ಹಾಸುಬಂಡೆಯ ಮೇಲೆಯೇ ಉರಿಸಿದ್ದಳು. ಸುತ್ತಲಿನ ತೊಯ್ದ ಮರ ಹೊಗೆಯಾಡಿತೇ ಹೊರತು ಹತ್ತಲಿಲ್ಲ. ತಂದ ಸೌದೆ ತೀರಿತು. ಬಂಡೆಯ ಮೇಲೆ ಇಂದಿಗೂ ಕಾಣುವ, ಎಷ್ಟು ಮಳೆಗೂ ಅಳಿಯದ ಆ ದುಂಡನೆಯ ಕಪ್ಪು ಗುರುತು, ಹೊರೆಗೆ ಒತ್ತಾಗಿ ತಲೆಯ ಮೇಲಿದ್ದ ಬಟ್ಟೆಯ ಸಿಂಬೆಯನ್ನು, ವರ್ಷಗಟ್ಟಲೆ ತಲೆಯೆಣ್ಣೆ ಹೀರಿದ್ದ ಆ ಸಿಂಬೆಯನ್ನು, ಆಕೆ ತೆಗೆದು ಕೆಂಡದ ಮೇಲಿಟ್ಟ ಜಾಗ.