ಮಸಿಯಲ್ಲಿ ಬರೆದ ಧೂಮಕೇತು

"ಗುರುಗಳೇ, ಕಾಣದ್ದನ್ನು ಕಂಡೆನೆಂದು ಹೇಳಿದರೆ, ಅದರಿಂದ ಕೇಳಿದವರಿಗೆ ಸಂತೋಷವೇ ಆಗುವುದಾದರೆ, ತಪ್ಪೇನು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಅಡಿವೆಪ್ಪ ಎಂಬ ಛಾಯಾಗ್ರಾಹಕನಿದ್ದ. ಅವನ ತಾಯಿ ಚಿಕ್ಕವಳಿದ್ದಾಗ ಆಕಾಶದಲ್ಲಿ ಒಂದು ಧೂಮಕೇತು ಮೂಡಿತ್ತು. ಕೇಡೆಂದು ಹೆದರಿದ ಹಿರಿಯರು ಅವಳನ್ನು ಹೊರಗೆ ಬಿಡಲಿಲ್ಲ. ಮುಪ್ಪಿನಲ್ಲಿ ಇನ್ನೊಂದು ಬರುವ ಸುದ್ದಿ ಕೇಳಿ ಅವಳು ಮಗನ ಕೈ ಹಿಡಿದಳು. "ಈ ಸಲವಾದರೂ ತೋರಿಸಪ್ಪ" ಎಂದಳು.

ಅದು ಬಂದಾಗ ಹುಣ್ಣಿಮೆ. ಅಡಿವೆಪ್ಪ ಕ್ಯಾಮೆರಾ ಹೊತ್ತು ಗುಡ್ಡ ಹತ್ತಿದ. ಬೆಳದಿಂಗಳಿನಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಪಡುವಣಕ್ಕೆ ಕ್ಯಾಮೆರಾ ತಿರುಗಿಸಿ ಬಹಳ ಹೊತ್ತು ತೆರೆದಿಟ್ಟ. ಫಿಲಂ ತೊಳೆದು ನೋಡಿದರೆ ಬರೀ ಬೂದು ಆಕಾಶ.

ಬೆಳಗ್ಗೆ ಸ್ಟುಡಿಯೋ ಮುಂದೆ ಜನ ಸೇರಿದ್ದರು. ಏನೂ ಸಿಗಲಿಲ್ಲ ಎನ್ನಲು ಅವನಿಗೆ ನಾಚಿಕೆಯಾಯಿತು. ಗಿರಾಕಿಗಳ ಮುಖದ ಕಲೆ ಮರೆಸುವ ಕುಂಚ ತೆಗೆದು, ನೆಗೆಟಿವಿನ ಮೇಲೆ ಮಸಿಯಲ್ಲಿ ಉದ್ದನೆಯ ಬಾಲ ಬರೆದ. ನೆಗೆಟಿವಿನ ಕಪ್ಪು ಅಚ್ಚಿನಲ್ಲಿ ಬಿಳುಪಾಗುವುದರಿಂದ ಅದು ಪಟದಲ್ಲಿ ಬೆಳ್ಳಗೆ ಹೊಳೆಯಿತು. ಊರು ಬೆರಗಾಗಿ ಮನೆಮನೆಗೂ ಪಟದ ಪ್ರತಿ ಒಯ್ದಿತು. ತಾಯಿ ಪಟವನ್ನು ಕಣ್ಣಿಗೊತ್ತಿಕೊಂಡಳು.

ನಾಲ್ಕು ದಿನ ಕಳೆದವು. ಚಂದ್ರ ತಡವಾಗಿ ಹುಟ್ಟತೊಡಗಿ ಸಂಜೆಗಳಲ್ಲಿ ಕತ್ತಲು ಕವಿಯಿತು. ಆಗ ಧೂಮಕೇತು ಬರಿಗಣ್ಣಿಗೇ ಕಂಡಿತು. ಸಣ್ಣದು, ಮಸುಕಾದದ್ದು, ಗಾಜಿನ ಮೇಲೆ ಉಸಿರು ಬಿಟ್ಟಷ್ಟು. ಅಡಿವೆಪ್ಪ ಓಡಿಹೋಗಿ ತಾಯಿಯನ್ನು ಅಂಗಳಕ್ಕೆ ಕರೆತಂದ.

ಅವಳು ನೋಡಿದಳು. "ಇದಲ್ಲ ಬಿಡು. ಪಟದಲ್ಲಿ ಅದೆಷ್ಟು ದೊಡ್ಡದಿತ್ತು!"

"ಅವ್ವಾ, ನಿಜವಾದದ್ದು ಇದೇ. ಪಟದಲ್ಲಿರುವುದು ನಾನು ಬರೆದದ್ದು."

ತಾಯಿ ಆಕಾಶವನ್ನು ಬಿಟ್ಟು ಮಗನ ಮುಖವನ್ನೇ ನೋಡಿದಳು.

"ಅದನ್ನೂ ನಿಜ ಎಂದೇ ಕೊಟ್ಟೆಯಲ್ಲಪ್ಪ. ಈಗ ಯಾವುದನ್ನು ನಂಬಲಿ?"

ಅವಳು ಒಳಗೆ ಹೋದಳು. ಅಡಿವೆಪ್ಪ ಎಷ್ಟು ಕರೆದರೂ ಮತ್ತೆ ಹೊರಗೆ ಬರಲಿಲ್ಲ. ಮರುದಿನ ಮೋಡ ಕವಿಯಿತು. ಮೋಡ ಸರಿಯುವಷ್ಟರಲ್ಲಿ ಧೂಮಕೇತು ಹೊರಟುಹೋಗಿತ್ತು. ಅಡಿವೆಪ್ಪ ತನ್ನಲ್ಲಿದ್ದ ಪಟವನ್ನು ಹರಿದು ಹಾಕಿದ. ಊರವರ ಗೋಡೆಗಳ ಮೇಲೆ ಅದು ಹಾಗೆಯೇ ಉಳಿಯಿತು.

ಕಥೆ ಮುಗಿಸಿ ಗುರುಗಳು ಶಿಷ್ಯನ ಕಡೆ ತಿರುಗಿದರು.

"ಧ್ಯಾನದಲ್ಲಿ ಕಂಡೆನೆಂದು ನಿನ್ನೆ ಭಕ್ತರಿಗೆ ವರ್ಣಿಸಿದೆಯಲ್ಲ, ಆ ಜ್ಯೋತಿಯನ್ನು ನೀನು ಕಂಡದ್ದು ಯಾವತ್ತು?"